ಬೋರ್ಡಿನ ಹಿಂದಿನ ಶಾಲೆ

ಪೆನ್ಷನ್ ತರುವ ದಿನ ನಾನು ಹಟ ಹಿಡಿದು ಮುತ್ಯಾನ ಜತೆ, ಎಂದರೆ ಅಜ್ಜನ ಜತೆ, ಔರಾದಿಗೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಭಜಿ ಒಂದು ಆಸೆ, ಮುತ್ಯಾ ಸಹಿ ಮಾಡುವುದನ್ನು ನೋಡುವುದು ಇನ್ನೊಂದು. ಮುಂದಿದ್ದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಇಲ್ಲವೇ ಎಡದಿಂದ ಬಲಕ್ಕೆ ಗೀಚುತ್ತಿದ್ದರು. ಮುತ್ಯಾ ಮಾತ್ರ ಕಾಗದದ ಬಲತುದಿಯಲ್ಲಿ ಪೆನ್ನು ಊರಿ, ಎಡಕ್ಕೆ ಒಂದೇ ಉಸಿರಿಗೆ ಎಳೆದು, ಕೊನೆಗೆ ಮೇಲೆ ಎರಡು ಚುಕ್ಕೆ ಇಡುತ್ತಿದ್ದರು. ಆ ಚುಕ್ಕೆ ಇಡುವಾಗ ಪೆನ್ನು ಕುಕ್ಕುವ ಸದ್ದು ಕೇಳುತ್ತಿತ್ತು.

ಒಂದು ವರ್ಷ ಕೌಂಟರಿನಲ್ಲಿ ಹೊಸಬರು ಕೂತಿದ್ದರು. ಸಹಿ ನೋಡಿ, ಇದು ನಡೆಯುವುದಿಲ್ಲ, ಕನ್ನಡದಲ್ಲಿ ಮಾಡಿ ಎಂದರು. ಮುತ್ಯಾ ಮೂವತ್ತೈದು ವರ್ಷದ ಹತ್ತಿರ ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತರಾದವರು. "ಕನ್ನಡ ಕಲಿಸಿದ್ದಕ್ಕೇ ಈ ಪಗಾರ ಕೊಡ್ಲಾಕತ್ತೀರಿ ಸಾಹೇಬ್ರ, ಸಹಿ ಕಲ್ತದ್ದು ಅದಕ್ಕೂ ಮೊದ್ಲು" ಅಂದರು. ಸಾಹೇಬರಿಗೆ ನಗು ಬರಲಿಲ್ಲ. ಎರಡು ತಿಂಗಳ ಪೆನ್ಷನ್ ತಡೆಯಿತು. ಗುರುತಿನ ಸಾಕ್ಷಿಗೆ ಇಬ್ಬರನ್ನು ಕರೆದೊಯ್ದರು. ಇಬ್ಬರೂ ಅವರ ಹಳೆ ವಿದ್ಯಾರ್ಥಿಗಳು, ಇಬ್ಬರೂ ಕನ್ನಡದಲ್ಲಿ ಸಹಿ ಮಾಡಿದರು. ಕೆಲಸ ಆಯಿತು. ಮುತ್ಯಾ ಮಾತ್ರ ಸಹಿ ಬದಲಿಸಲಿಲ್ಲ.

ಮುತ್ಯಾ ಹುಟ್ಟಿದ್ದು 1930ರ ಆಸುಪಾಸು, ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ಅದು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ರಾಜ್ಯ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ಸರ್ಕಾರಿ ಶಾಲೆಯಲ್ಲೂ ಉರ್ದುವೇ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದಾಗ ಪದವಿ ಪಾಠವೂ ಉರ್ದುವಿನಲ್ಲೇ ಶುರುವಾಯಿತು. ಇಂಗ್ಲಿಷ್ ಬಿಟ್ಟು ದೇಶದ ಭಾಷೆಯೊಂದರಲ್ಲಿ ವಿಜ್ಞಾನ, ಕಾನೂನು ಕಲಿಸಿದ ದೊಡ್ಡ ಪ್ರಯೋಗ ಅದು, ಅದನ್ನು ಮೆಚ್ಚಲೇಬೇಕು. ಆದರೆ ಔರಾದ ಕಡೆಯ ಕೂಸಿಗೆ ಉರ್ದುವೂ ಇಂಗ್ಲಿಷಿನಷ್ಟೇ ದೂರ. 1951ರ ಜನಗಣತಿಯ ಹೊತ್ತಿಗೂ ಹೈದರಾಬಾದು ರಾಜ್ಯದಲ್ಲಿ ಓದು ಬರಹ ಬಂದವರು ನೂರಕ್ಕೆ ಹತ್ತು ಮಂದಿಯಷ್ಟೂ ಇರಲಿಲ್ಲ.

ಮುತ್ಯಾನ ಅಪ್ಪ ಮಗನನ್ನು ಮೊದಲು ಹಾಕಿದ್ದು ಉರ್ದು ಶಾಲೆಗೆ, ಅದೂ ಖುಷಿಯಿಂದ. ನಮ್ಮ ಕಡೆಯ ಹಳೇ ಕಥೆ ಹೇಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಉರ್ದು ಬಂದರೆ ಪಟವಾರಿ ಬರೆದದ್ದು ತಿಳಿಯುತ್ತದೆ, ಮುನ್ಸಿಫ್ ಕೋರ್ಟಿನ ಸಮನ್ಸ್ ಓದಲಾಗುತ್ತದೆ, ನಸೀಬು ಚೆನ್ನಾಗಿದ್ದರೆ ತಹಸೀಲಿನಲ್ಲಿ ಕಾರಕೂನಿಕೆ ಸಿಗುತ್ತದೆ. ಕನ್ನಡ ಬಂದರೆ ಏನು ಸಿಗುತ್ತಿತ್ತು? ಪುರಾಣ ಓದಬಹುದಿತ್ತು. ಅವರಪ್ಪ ಲೆಕ್ಕ ಬಲ್ಲ ರೈತ. ಆದರೂ ಎರಡು ವರ್ಷಕ್ಕೆ ಹುಡುಗ ಕಲಿತು ಬಂದದ್ದು ಸಹಿ, ಅಂಕಿ ಮತ್ತು ಛಡಿ ಏಟಿಗೆ ಕೈ ಹಿಂದೆಳೆಯುವ ಚಾಲಾಕಿತನ. ಮಾಸ್ತರರು ಕೆಟ್ಟವರಲ್ಲ. ಅವರು ಹೇಳಿದ್ದು ಇವನಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಆಗ ಯಾರೋ ಹೇಳಿದರು: ಕಮಲನಗರಕ್ಕೆ ಕಳಿಸು, ಭಾಲ್ಕಿ ಅಪ್ಪಾವರ ಸಾಲಿಗೆ.

ಭಾಲ್ಕಿ ಅಪ್ಪಾವರು ಎಂದರೆ ಹಿರೇಮಠ ಸಂಸ್ಥಾನದ ಚನ್ನಬಸವ ಪಟ್ಟದ್ದೇವರು. ಕಮಲನಗರವೇ ಅವರ ಹುಟ್ಟೂರು. ಆ ಊರು ಆಗ ಔರಾದ ಕಡೆಯ ಒಂದು ಹಳ್ಳಿ, ಈಗ ತಾನೇ ಒಂದು ತಾಲ್ಲೂಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಅವರು ತೀರಿಕೊಂಡದ್ದು 1999ರ ಏಪ್ರಿಲ್‌ನಲ್ಲಿ. ನೂರು ತುಂಬಿ ಆಗಲೇ ಎಷ್ಟೋ ವರ್ಷಗಳಾಗಿದ್ದವು. ಆರನೆಯ ನಿಜಾಮ, ಏಳನೆಯ ನಿಜಾಮ, ಹೈದರಾಬಾದು ರಾಜ್ಯ, ಮೈಸೂರು ರಾಜ್ಯ, ಕರ್ನಾಟಕ, ಎಲ್ಲವನ್ನೂ ಅವರು ಕಂಡರು. ಪರದೇಶಕ್ಕೆ ಹೋಗಿ ನೆಲೆಸಿದವರು ಹೊಸ ಕಾನೂನು, ಹೊಸ ಭಾಷೆ, ಹೊಸ ಕಚೇರಿ ಕಲಿಯಬೇಕಾಗುತ್ತದೆ. ಈ ಮನುಷ್ಯ ಹುಟ್ಟಿದ ಊರಿನಿಂದ ಒಂದು ದಿನದ ದಾರಿಯಲ್ಲೇ ಇದ್ದು ಅಷ್ಟನ್ನೂ ಕಲಿಯಬೇಕಾಯಿತು.

ಆದರೆ ಒಮ್ಮೆ ಅವರು ಗಡಿ ದಾಟಿದ್ದರು. ಬಾದಾಮಿ ಹತ್ತಿರ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರಕ್ಕೆ ಓದಲು ಹೋದರು. ಅದು ಮುಂಬೈ ಪ್ರಾಂತ, ಅಂದರೆ ಬ್ರಿಟಿಷರ ಆಡಳಿತ. ಅಲ್ಲಿ ಕನ್ನಡ ಶಾಲೆಗಳಿದ್ದವು, ಕನ್ನಡ ಪಠ್ಯಪುಸ್ತಕಗಳಿದ್ದವು, ಟ್ರೇನಿಂಗ್ ಪಡೆದ ಕನ್ನಡ ಮಾಸ್ತರರಿದ್ದರು. ಅದನ್ನೆಲ್ಲ ಕಣ್ಣಾರೆ ಕಂಡ ಯುವಕ ಭಾಲ್ಕಿಗೆ ಬಂದು ಪಟ್ಟವೇರಿದಾಗ, ಇಲ್ಲಿ ಏನು ಇಲ್ಲವೆಂಬುದು ಊರಲ್ಲೇ ಇದ್ದವರಿಗಿಂತ ಅವರಿಗೆ ಸ್ಪಷ್ಟವಾಗಿ ಕಂಡಿರಬೇಕು.

ನಿಜಾಮರ ರಾಜ್ಯದಲ್ಲಿ ಖಾಸಗಿ ಶಾಲೆ ತೆರೆಯಲು ಸರ್ಕಾರದ ಮಂಜೂರಿ ಬೇಕಿತ್ತು. ಹಾದಿ ಹುಡುಕಿದವರು ಇವರೊಬ್ಬರೇ ಅಲ್ಲ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಶುರುವಾಗಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ತೆರೆದ ಶಾಲೆಯ ಹೆಸರು ಹಮ್‌ದರ್ದ್. ಆದರೆ ಬೀದರ ಆ ಊರುಗಳಿಗಿಂತ ಮೂಲೆಯದು. ಪಟ್ಟದ್ದೇವರು ಕಂಡುಕೊಂಡ ಹಾದಿಯನ್ನು ಬೀದರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಐದೇ ಶಬ್ದದಲ್ಲಿ ಹೇಳುತ್ತಾರೆ: ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ.

ಈ ಮಾತು ಈಗ ಭಾಷಣದ ಸರಕಾಗಿದೆ. ಒಳಗೆ ಕೂತಿದ್ದವನ ಕಡೆಯಿಂದ ನಾನು ಕೇಳಿದ್ದು ಬೇರೆ ಥರ. ಮುತ್ಯಾನ ಪ್ರಕಾರ ಉರ್ದುವನ್ನೂ ಕಲಿಸುತ್ತಿದ್ದರು; ಬೋರ್ಡು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಲೆಕ್ಕ ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳುತ್ತಿದ್ದರು, ಆಮೇಲೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ಕನ್ನಡ ಪುಸ್ತಕ ಕಡಿಮೆ, ಒಂದಕ್ಕೆ ನಾಲ್ಕು ಮಂದಿ. ಎದುರು ಕೂತು ಓದಿ ಓದಿ ಮುತ್ಯಾನಿಗೆ ಕನ್ನಡವನ್ನು ತಲೆಕೆಳಗಾಗಿಯೂ ಓದಲು ಬರುತ್ತಿತ್ತು. ನಾವು ಹೋಂವರ್ಕ್ ಮಾಡುವಾಗ ಎದುರಿಗೆ ಕೂತೇ ತಪ್ಪು ಹಿಡಿಯುತ್ತಿದ್ದರು.

ಇನ್ಸ್‌ಪೆಕ್ಟರ್ ಬರುವ ಕಥೆಯೂ ಇತ್ತು. ಸುದ್ದಿ ಬಂದ ಕೂಡಲೇ ಕನ್ನಡ ಪುಸ್ತಕ ಜ್ವಾಳದ ಚೀಲದೊಳಗೆ, ಉರ್ದು ಕಾಯಿದಾ ಕೈಯೊಳಗೆ. ಪ್ರತಿ ಸಲ ಹೇಳುವಾಗಲೂ ಆ ಇನ್ಸ್‌ಪೆಕ್ಟರನ ಕುದುರೆ ಗೇಣುದ್ದ ಬೆಳೆಯುತ್ತಿತ್ತು. ನಾನು ಹೈಸ್ಕೂಲಿಗೆ ಬಂದ ಮೇಲೆ, ಕಮಲನಗರಕ್ಕೆ 1930ರ ದಶಕದಲ್ಲೇ ರೈಲು ಬಂದಿತ್ತಲ್ಲ, ಅವನು ಕುದುರೆ ಮೇಲೆ ಯಾಕೆ ಬಂದ ಎಂದು ಕೇಳಿದೆ. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಟೇಷನ್ನಿಂದ ಸಾಲಿ ಮಟ ಕುದುರಿ" ಎಂದರು. ಹಾಗಾಗಿ ಕುದುರೆಯ ಎತ್ತರಕ್ಕೆ ನಾನು ಜವಾಬ್ದಾರನಲ್ಲ. ಚೀಲದ ಮಾತು ಮಾತ್ರ ಖರೇ ಇರಬೇಕು, ಯಾಕೆಂದರೆ ಪುಸ್ತಕಕ್ಕೆ ನುಸಿ ಹತ್ತಿತ್ತು ಎಂದೂ ಹೇಳುತ್ತಿದ್ದರು. ಸುಳ್ಳು ಕಟ್ಟುವವರಿಗೆ ನುಸಿ ಹೊಳೆಯುವುದಿಲ್ಲ.

ಶಾಲೆ ನಡೆಸಲು ದುಡ್ಡು ಬೇಕಲ್ಲ. ಅಪ್ಪಾವರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಮಠದ ಸ್ವಾಮಿ ಮನೆ ಬಾಗಿಲಿಗೆ ಬಂದರೆ ಪಾದಪೂಜೆಗೆ ಅಣಿಯಾಗುವ ಕಾಲ ಅದು. ಇವರಿಗೆ ಕಾಳು ಬೇಕಿತ್ತು, ಹುಡುಗರು ಬೇಕಾಗಿದ್ದರು. ಕಾಳು ಸಲೀಸಾಗಿ ಸಿಗುತ್ತಿತ್ತಂತೆ. ದನ ಕಾಯುವ ಹುಡುಗನನ್ನು ಕೊಡಲು ಜನ ಹಿಂದೆ ಮುಂದೆ ನೋಡುತ್ತಿದ್ದರು.

1948 ಬಂತು. ಆ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಮಾತು ಕಡಿಮೆ. ಮೇ ತಿಂಗಳಲ್ಲಿ ಬಸವಕಲ್ಯಾಣ ಕಡೆಯ ಗೋರ್ಟಾದಲ್ಲಿ ನಿಜಾಮರ ಕಡೆಯ ರಜಾಕಾರರು ನಡೆಸಿದ ಕೊಲೆಗಳ ಸುದ್ದಿ ಎಲ್ಲರಿಗೂ ಗೊತ್ತು. ಅಲ್ಲಿ ಈಗ ಸ್ಮಾರಕವಿದೆ. ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದು ಭಾರತಕ್ಕೆ ಸೇರಿತು. ಅದರ ಬೆನ್ನಿಗೇ ಬೀದರ, ಕಲಬುರಗಿ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡದ್ದಕ್ಕೆ ಸ್ಮಾರಕವಿಲ್ಲ. ಪಂಡಿತ್ ಸುಂದರಲಾಲ್ ಸಮಿತಿಯ ವರದಿಯಿದೆ, ಅದೂ ದಶಕಗಟ್ಟಲೆ ಕಪಾಟಿನಲ್ಲಿತ್ತು. ಮುತ್ಯಾನಿಗೆ ಸಹಿ ಕಲಿಸಿದ ಉರ್ದು ಮಾಸ್ತರರು ಆ ಅಕ್ಟೋಬರಿನಲ್ಲಿ ಹೆಂಡತಿ ಮಕ್ಕಳನ್ನು ಬಂಡಿಯಲ್ಲಿ ಕೂಡಿಸಿಕೊಂಡು ಹೈದರಾಬಾದಿನ ಕಡೆ ಹೋದರು. ಮತ್ತೆ ಬರಲಿಲ್ಲ. ಮುತ್ಯಾ ಈ ಮಾತನ್ನು ಹೇಳಿದ್ದು ಒಮ್ಮೆ ಮಾತ್ರ, ಕೌಂಟರಿನ ಜಗಳ ಆದ ದಿನ, ವಾಪಸು ಬರುವ ಬಸ್ಸಿನಲ್ಲಿ. ಸಹಿ ಯಾಕೆ ಬದಲಿಸುವುದಿಲ್ಲ ಎಂದು ನಾನು ಕೇಳಿದ್ದಕ್ಕೆ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಅವರೂ ಬಿಡಿಸಲಿಲ್ಲ, ನಾನೂ ಕೇಳಲಿಲ್ಲ.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣ ಮೈಸೂರಿಗೆ. ಕಮಲನಗರದಿಂದ ಉದಗೀರ ಹತ್ತಿರ. ಬೆಂಗಳೂರು 700 ಕಿಲೋಮೀಟರ್. ಹೆಣ್ಣು ಕೊಟ್ಟದ್ದು, ತಂದದ್ದು, ಎತ್ತು ಕೊಂಡದ್ದು ಎಲ್ಲ ಉದಗೀರದ ಕಡೆ. ಇಷ್ಟಾಗಿಯೂ ಈ ತಾಲ್ಲೂಕುಗಳು ಕನ್ನಡ ರಾಜ್ಯಕ್ಕೆ ಬಂದದ್ದರಲ್ಲಿ ಆ ಜೋಳಿಗೆಯ ಶಾಲೆಗಳ ಪಾಲು ದೊಡ್ಡದು ಎಂದು ಜಿಲ್ಲೆಯ ಹಿರಿಯರೆಲ್ಲ ಒಪ್ಪುತ್ತಾರೆ. ಇಲ್ಲಿ ಕನ್ನಡದವರಿದ್ದಾರೆ ಎಂದು ತೋರಿಸಲು ಕನ್ನಡ ಓದಿದವರು ಬೇಕಲ್ಲ.

ಆಗಲೇ ಮಾಸ್ತರರಾಗಿದ್ದ ಮುತ್ಯಾನನ್ನು ಹೊಸ ಸರ್ಕಾರ ಔರಾದ ತಾಲ್ಲೂಕಿನ ಗಡಿ ಹಳ್ಳಿಯೊಂದಕ್ಕೆ ಹಾಕಿತು. ಶಾಲೆ ಕನ್ನಡದ್ದು, ಬೋರ್ಡು ಕನ್ನಡದ್ದು. ಒಳಗೆ ಕೂತ ಮೂವತ್ತು ಮಕ್ಕಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮನೆಯಲ್ಲಿ ಮರಾಠಿ ಆಡುವವರು. ಮೊದಲ ವಾರ ಮುತ್ಯಾ ಕನ್ನಡದಲ್ಲೇ ಪಾಠ ಮಾಡಿದರು. ಮಕ್ಕಳು ಅವರ ಮುಖ ನೋಡುತ್ತಿದ್ದ ರೀತಿ ಅವರಿಗೆ ಗೊತ್ತಿತ್ತು. ಉರ್ದು ಶಾಲೆಯಲ್ಲಿ ತಾವೂ ಹಾಗೇ ನೋಡಿದ್ದರಲ್ಲ. ಎರಡನೆಯ ವಾರದಿಂದ ಕರಿಹಲಗೆಯ ಮೇಲೆ ಕನ್ನಡ ಬರೆದರು, ಬಾಯಲ್ಲಿ ಮರಾಠಿ ಹೇಳಿದರು. ಸಾಹೇಬರು ಬಂದ ದಿನ ಎರಡೂ ಕನ್ನಡ.

ಭಾಲ್ಕಿ ಅಪ್ಪಾವರಿಂದ ಮುತ್ಯಾ ಕಲಿತದ್ದು ಇದು ಎಂದು ನಾನು ತಿಳಿದಿದ್ದೇನೆ. ಕನ್ನಡದ ಅಭಿಮಾನ ಅವರಿಗಿರಲಿಲ್ಲ ಎಂದಲ್ಲ. ಆದರೆ ನವೆಂಬರ್ ತಿಂಗಳ ಭಾಷಣಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಕೂಸಿಗೆ ತಿಳಿಯುವ ಮಾತಿನಲ್ಲಿ ಹೇಳು, ಹೊರಗಿನ ಬೋರ್ಡು ಸರ್ಕಾರ ನೋಡಿಕೊಳ್ಳಲಿ. ಅವರ ಶಿಕ್ಷಣಶಾಸ್ತ್ರ ಪೂರ್ತಿ ಇಷ್ಟೇ.

ಒಮ್ಮೆ ನನ್ನನ್ನು ಬೀದರಿಗೆ ಕರೆದೊಯ್ದು ಮಹಮೂದ್ ಗವಾನನ ಮದರಸಾ ತೋರಿಸಿದರು. ಗವಾನ್ ಇರಾನಿನ ಗಿಲಾನ್ ಸೀಮೆಯವನು. ವ್ಯಾಪಾರಕ್ಕೆಂದು ಬಂದು, ನಡುವಯಸ್ಸಿನಲ್ಲಿ ಬೀದರಿನಲ್ಲಿ ನೆಲೆನಿಂತು, ಬಹಮನಿ ಸುಲ್ತಾನರ ವಜೀರನಾದವನು. 1472ರಲ್ಲಿ ಆ ಮದರಸಾ ಕಟ್ಟಿಸಿದ. 1481ರಲ್ಲಿ ಯಾರೋ ಸೃಷ್ಟಿಸಿದ ಖೊಟ್ಟಿ ಪತ್ರವೊಂದನ್ನು ನಂಬಿ, ಕುಡಿದಿದ್ದ ಸುಲ್ತಾನ ಎಪ್ಪತ್ತು ದಾಟಿದ ಆ ಮುದುಕನ ತಲೆ ತೆಗೆಸಿದ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗೆ ತುಂಬಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾಲು ಹಾರಿಹೋಯಿತು. ಉಳಿದ ಒಂದೇ ಮಿನಾರಿನ ನೀಲಿ ಹೆಂಚುಗಳನ್ನು ನಾನು ನೋಡುತ್ತಿದ್ದೆ. ಮುತ್ಯಾ ಕೋಣೆಗಳನ್ನು ಎಣಿಸುತ್ತಿದ್ದರು. "ಗಾಳಿ ಬೆಳಕು ಚೆಂದ ಬರ್ತದ. ನಮ್ಮ ಸಾಲಿಗೆ ಇಂಥಾ ಒಂದು ಕೋಣಿ ಇದ್ರ ಸಾಕಾಗಿತ್ತು" ಅಂದರು. ಐನೂರು ವರ್ಷದ ಇತಿಹಾಸದಿಂದ ಅವರು ಆರಿಸಿಕೊಂಡದ್ದು ಕಿಟಕಿ.

ಪಟ್ಟದ್ದೇವರನ್ನು ನಾನು ನೋಡಿದ್ದು ಒಮ್ಮೆ, ತೊಂಬತ್ತರ ದಶಕದ ನಡುವೆ, ಭಾಲ್ಕಿಯಲ್ಲಿ. ನೋಡಿದ್ದು ಎನ್ನುವುದೂ ಹೆಚ್ಚಾಯಿತು. ನನಗೆ ನೆನಪಿರುವುದು ಜನರ ಬೆನ್ನು. ಎದುರಿನವರ ಧೋತರದ ವಾಸನೆ, ಯಾರದೋ ಕೊಡೆಯ ತುದಿ ನನ್ನ ಕಿವಿಗೆ ಚುಚ್ಚಿದ್ದು. ಎತ್ತಿಕೊಳ್ಳಲು ಮುತ್ಯಾನಿಗೆ ವಯಸ್ಸಾಗಿತ್ತು, ಎತ್ತಿಸಿಕೊಳ್ಳಲು ನನಗೂ ವಯಸ್ಸಾಗಿತ್ತು. ಮುತ್ಯಾ ಹಿಂದೆಯೇ ನಿಂತು ಕೈ ಮುಗಿದು, ಪ್ರಸಾದಕ್ಕೆ ಸಾಲು ಹಿಡಿದರು. ಅಷ್ಟು ಹೊತ್ತಿಗೆ ಅಪ್ಪಾವರ ಕೆಲಸ ಭಾಲ್ಕಿ ಆಚೆಗೂ ಹಬ್ಬಿತ್ತು. ಬಸವಕಲ್ಯಾಣದ ಅನುಭವ ಮಂಟಪ ಅವರ ದುಡಿಮೆಯಿಂದ ಎದ್ದದ್ದು. ಮಠದ ಹೊಣೆ ಬಸವಲಿಂಗ ಪಟ್ಟದ್ದೇವರ ಹೆಗಲಿಗೆ ಬಂದಿತ್ತು. ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಮಠದಲ್ಲೇ ಸಾಕುವ ಕೆಲಸಕ್ಕೆ ಆಮೇಲೆ ಅವರು ಹೆಸರಾದರು. ಈಗ ಏಪ್ರಿಲ್ ಬಂದರೆ ಭಾಲ್ಕಿಯಲ್ಲಿ ಹಿರಿಯ ಪಟ್ಟದ್ದೇವರ ನೆನಪಿಗೆ ವಚನ ಜಾತ್ರೆ ನಡೆಯುತ್ತದೆ. ಬೀದರಿನ ಜಿಲ್ಲಾ ರಂಗಮಂದಿರಕ್ಕೂ ಅವರದೇ ಹೆಸರು.

ಈಗ ಊರಿಗೆ ಹೋದರೆ ಬದಲಾದದ್ದು ಕಣ್ಣಿಗೆ ಹೊಡೆಯುತ್ತದೆ. ಜ್ವಾಳ ಇದ್ದ ಹೊಲದಲ್ಲಿ ಸೋಯಾಬೀನ್. 2017ರಲ್ಲಿ ಬೀದರ ಕಲಬುರಗಿ ರೈಲು ಹಳಿ ಕೂಡಿದವು. ಅದಕ್ಕೂ ಮುಂಚೆ ನಮ್ಮ ವಿಭಾಗದ ಕೇಂದ್ರಕ್ಕೆ ರೈಲಿನಲ್ಲಿ ಹೋಗಬೇಕೆಂದರೆ ತೆಲಂಗಾಣ ಸುತ್ತಬೇಕಿತ್ತು. 2020ರಲ್ಲಿ ವಿಮಾನ ಇಳಿಯಿತು. ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಸಂವಿಧಾನದ 371(ಜೆ) ವಿಧಿ ಬಂದು ಊರಿನ ಹುಡುಗರಿಗೆ ಮೆಡಿಕಲ್, ಇಂಜಿನಿಯರಿಂಗ್ ಸೀಟು ಸಿಗತೊಡಗಿದವು. ವೈದ್ಯರಾಗಲು ಹೊರಟ ಮಕ್ಕಳು ಬೇರೆ ಬೇರೆ ರಾಜ್ಯಗಳಿಂದ ಬೀದರಿನ ಕೋಚಿಂಗ್‌ಗೆ ಬಂದು ಹಾಸ್ಟೆಲ್‌ಗಳಲ್ಲಿ ಮಲಗುತ್ತಾರೆ. ಹಾಗೆಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆಯ ಹೆಸರನ್ನು ಪಟ್ಟಿಯ ಕೆಳಗಿನಿಂದ ಹುಡುಕುವ ರೂಢಿ ತಪ್ಪಿಲ್ಲ. ಔರಾದ ಕಡೆ ಸರ್ಕಾರಿ ಮರಾಠಿ ಶಾಲೆಗಳು ಇನ್ನೂ ಇವೆ; ಮುತ್ಯಾ ಕದ್ದು ಮಾಡುತ್ತಿದ್ದ ಕೆಲಸ ಅಲ್ಲಿ ರಾಜಾರೋಷವಾಗಿ ನಡೆಯುತ್ತದೆ.

ಬೋರ್ಡುಗಳೂ ಬದಲಾಗಿವೆ. ಭಾಲ್ಕಿ ರಸ್ತೆಯಲ್ಲಿ, ಬೀದರ ಬಡಾವಣೆಗಳಲ್ಲಿ, ಈಗ ಔರಾದಿನಲ್ಲೂ, ಹೊರಗೆ ಕನ್ನಡದಲ್ಲಿ ದೊಡ್ಡದಾಗಿ ಶರಣರ ಹೆಸರು, ಒಳಗೆ ಎಲ್‌ಕೆಜಿಯಿಂದಲೇ ಇಂಗ್ಲಿಷ್. ಇದನ್ನು ಹೇಳಿ ನಿಟ್ಟುಸಿರು ಬಿಡುವ ಹಕ್ಕು ನನಗಿಲ್ಲ. ನನ್ನ ಮಗಳು ಅಂಥದೇ ಶಾಲೆಯಲ್ಲಿದ್ದಾಳೆ. ನಮ್ಮ ಮುತ್ತಜ್ಜ ಮಗನನ್ನು ಉರ್ದು ಶಾಲೆಗೆ ಯಾಕೆ ಹಾಕಿದನೋ ಅದೇ ಕಾರಣಕ್ಕೆ ನಾನೂ ಹಾಕಿದ್ದೇನೆ. ಅವನಿಗೆ ಎರಡು ವರ್ಷದಲ್ಲಿ ತಪ್ಪು ತಿಳಿಯಿತು, ಯಾಕೆಂದರೆ ಹುಡುಗನಿಗೆ ಏನೂ ಬರುತ್ತಿಲ್ಲವೆಂದು ಮಾಸ್ತರರೇ ಹೇಳಿದರು. ನನಗೆ ಪ್ರತಿ ತಿಂಗಳು ಎ ಪ್ಲಸ್ ಎಂದು ಬರೆದ ಕಾರ್ಡು ಬರುತ್ತದೆ. ನೀರಿನ ಚಕ್ರದ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಉರುಹೊಡೆದು ಒಪ್ಪಿಸಿದಳು. ಮಂಜ್ರಾ ಹೊಳೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಸುಮ್ಮನೆ ಮುಖ ನೋಡಿದಳು. ಆ ನೋಟವನ್ನು ಮುತ್ಯಾ ಗುರುತು ಹಿಡಿಯುತ್ತಿದ್ದರು. ಈಗ ರಾತ್ರಿ ಅರ್ಧ ಗಂಟೆ ಅದೇ ಪಾಠವನ್ನು ಕನ್ನಡದಲ್ಲಿ ಹೇಳುತ್ತೇನೆ. ಇನ್ಸ್‌ಪೆಕ್ಟರ್ ಭಯವಿಲ್ಲ. ಜ್ವಾಳದ ಚೀಲವೂ ಬೇಕಿಲ್ಲ.

ಮುತ್ಯಾ ತೊಂಬತ್ತರ ಹತ್ತಿರ ಬದುಕಿ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣಿಗೆ ಬಂದ ಹಳೆ ವಿದ್ಯಾರ್ಥಿಗಳು ಒಂದೇ ಕಥೆ ಹೇಳಿದರು: ಮಾಸ್ತರರು ಬಡ ಮಕ್ಕಳಿಗೆಲ್ಲ ಸ್ವಂತ ದುಡ್ಡಿನಿಂದ ಪಾಟಿ ಕೊಡಿಸುತ್ತಿದ್ದರು, ಒಂದು ಪೈಸೆ ಮುಟ್ಟಲಿಲ್ಲ. ಊರೆಲ್ಲ ಅದನ್ನೇ ಹೇಳಿತು.

ವರ್ಷ ಕಳೆದು ಟ್ರಂಕು ತೆಗೆದಾಗ ಒಂದು ನೋಟ್‌ಬುಕ್ ಸಿಕ್ಕಿತು, 1961ರದು. ಮುಂದಿನ ಹಾಳೆಗಳಲ್ಲಿ ಕನ್ನಡದಲ್ಲಿ ಹಾಜರಿ. ತಿರುಗಿಸಿ ಹಿಂದಿನಿಂದ ತೆರೆದರೆ ಉರ್ದು. ನನಗೆ ಓದಲು ಬರಲಿಲ್ಲ. ಬೀದರಿಗೆ ಒಯ್ದು, ಗವಾನ್ ಚೌಕದ ಹತ್ತಿರ ಮದುವೆ ಪತ್ರಿಕೆ ಬರೆಯುವ ಒಬ್ಬ ಹಿರಿಯರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಬಲದಿಂದ ಎಡಕ್ಕೆ ಬೆರಳಾಡಿಸಿ, ನಿಧಾನ ಓದಿದರು. ಹುಡುಗನ ಹೆಸರು, ಪಾಟಿ ಒಂದು, ನಾಲ್ಕಾಣೆ. ಮತ್ತೊಬ್ಬ ಹುಡುಗ, ಪಾಟಿ ಒಂದು, ಬಳಪ ಎರಡು, ಐದಾಣೆ. ಹೀಗೆ ಎರಡು ಪುಟ. ಅಕ್ಷರ ಬಲ್ಲ ನಮ್ಮಜ್ಜಿಗೆ ತಿಳಿಯಬಾರದೆಂದು ಉರ್ದುವಿನಲ್ಲಿ ಬರೆದಿಟ್ಟಿರಬೇಕು, ಸಂಸಾರದ ದುಡ್ಡು.

"ಪ್ರತಿ ಹೆಸರಿನ ಮುಂದೆ ಇನ್ನೊಂದು ಶಬ್ದ ಇದೆ ನೋಡಿ" ಎಂದು ಆ ಹಿರಿಯರು ಹಾಳೆಯ ಎಡತುದಿಗೆ ಬೆರಳಿಟ್ಟರು. "ಇದು ವಸೂಲ್. ಇದೂ ವಸೂಲ್. ಇದೂ."

ಆ ಒಂದು ಶಬ್ದವನ್ನು ಅವರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಯ ಎರಡು ಹೆಸರುಗಳ ಮುಂದೆ ಮಾತ್ರ ಜಾಗ ಖಾಲಿ ಇತ್ತು. ಎಂಟಾಣೆ ಬಾಕಿ.